ಮೂಲೆಯ ಡಬ್ಬಿ ಸರಿಸಿದ ಶುಕ್ರವಾರ

ಆಗ ನನಗೆ ನಲವತ್ತೆರಡು ವರ್ಷ. ಇದು ಮೂವತ್ತಾರು ವರ್ಷದ ಹಿಂದಿನ ಮಾತು. ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಅಮೆರಿಕದ ಸಾಹೇಬರೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದೆ. ಅಡುಗೆ, ಬಟ್ಟೆ, ನೆಲ ಎಲ್ಲ ನನ್ನದೇ. ನಮ್ಮವರು ಆಸ್ಪತ್ರೆಯಲ್ಲಿದ್ದರು. ಅವರದ್ದು ಕಟ್ಟಡದ ಸೆಂಟ್ರಿಂಗ್ ಕೆಲಸ. ಹಲಗೆ ಜಾರಿ ಮೂರನೇ ಮಾಳಿಗೆಯಿಂದ ಬಿದ್ದು ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಕಾಲಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಕಬ್ಬಿಣದ ತೂಕ ನೇತುಹಾಕಿ ಅಂಗಾತ ಮಲಗಿಸಿದ್ದರು. ಇನ್ನೂ ಎಂಟು ವಾರ ಅಲುಗಾಡಿಸುವ ಹಾಗಿಲ್ಲ, ವಿಮಾನದ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದ್ದರು.

ನರ್ಸುಗಳು ಒಳ್ಳೆಯವರೇ. ಆದರೆ ಇವರಿಗೆ ನಾಚಿಕೆ. ಪರ ಹೆಂಗಸರನ್ನು ಕರೆದು ನನಗೆ ಹೀಗಾಗಿದೆ ಎಂದು ಹೇಳುವ ಜನ ಅಲ್ಲ. ಒದ್ದೆಯಾದರೆ ಒದ್ದೆಯಲ್ಲೇ ಮಲಗಿರುತ್ತಿದ್ದರು. ಬೆನ್ನ ಕೆಳಗೆ ಎಂಟಾಣೆ ಅಗಲದ ಹುಣ್ಣಾಗಿತ್ತು. ನಾನು ದಿನಾ ಸಂಜೆ ಹೋಗಿ, ಒಂದು ಕೈಯಲ್ಲಿ ಸೊಂಟ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಒರೆಸಿ ಪೌಡರ್ ಹಾಕಿ, ಗಂಜಿ ಕುಡಿಸಿ ಬರುತ್ತಿದ್ದೆ. ನಾನು ಹೋಗದ ಒಂದು ದಿನ ಆ ಹುಣ್ಣು ರೂಪಾಯಿ ಅಗಲ ಆಯಿತು. ಅದಾದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಈಗ ಕಷ್ಟ ಏನೆಂದರೆ, ನಮ್ಮ ಸಾಹೇಬರ ಕೆಲಸ ಮುಗಿದಿತ್ತು. ಮೇಡಂ, ಮಕ್ಕಳು ಮೊದಲೇ ಹೋಗಿದ್ದರು. ಸಾಹೇಬರು ಬುಧವಾರ ಹೊರಡುವವರು. ಆ ದೇಶದಲ್ಲಿ ನಮ್ಮ ಹೊಣೆ ಹೊತ್ತವರಿಗೆ ಕಫೀಲ್ ಎನ್ನುತ್ತಾರೆ. ನನ್ನ ಕಫೀಲ್ ಇವರೇ. ಕಫೀಲ್ ಹೋದರೆ ವೀಸಾ ಹೋಯಿತು, ನಾನೂ ಹೋಗಬೇಕು. ಉಳಿಯಬೇಕಾದರೆ ಒಂದೇ ದಾರಿ. ಒಂದು ಕಾಗದ, ಅದರ ಮೇಲೆ ಎರಡು ಸಹಿ. ಬಿಟ್ಟಿದ್ದೇನೆ ಎಂದು ನಮ್ಮ ಸಾಹೇಬರದ್ದು, ಇಟ್ಟುಕೊಂಡಿದ್ದೇನೆ ಎಂದು ಇನ್ನೊಬ್ಬರದ್ದು. ಶನಿವಾರ ಮಧ್ಯಾಹ್ನದೊಳಗೆ ಆ ಕಾಗದ ಸರ್ಕಾರದ ಕಛೇರಿಗೆ ಮುಟ್ಟಬೇಕು. ಮುಟ್ಟದಿದ್ದರೆ ಬುಧವಾರ ನನಗೆ ಬೊಂಬಾಯಿ ವಿಮಾನ. ನಮ್ಮವರು ಅಲ್ಲಿ, ಕಾಲು ಮೇಲೆ, ಬೆನ್ನು ಕೆಳಗೆ.

ಇನ್ನೊಬ್ಬರು ಸಿಕ್ಕಿದ್ದರು. ನಾಲ್ಕು ಮನೆ ಆಚೆಗೆ ಇದ್ದ ಬೇರೆ ಕಂಪನಿಯ ಸಾಹೇಬ. ತುಂಬ ಎತ್ತರದ ಆಳು, ನಾನು ಉದ್ದ ಸಾಹೇಬ ಎಂದೇ ಹೇಳುತ್ತಿದ್ದೆ. ಅವರ ಹೆಂಡತಿಗೆ ನನ್ನ ಚಪಾತಿ ಹಿಡಿಸಿತ್ತು. ಉದ್ದ ಸಾಹೇಬರು, ಆಯಿತು, ಶುಕ್ರವಾರ ಆಟ ಮುಗಿದ ಮೇಲೆ ಸಹಿ ಹಾಕುತ್ತೇನೆ ಎಂದಿದ್ದರು. ಕಾಗದವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದೆ.

ಆಟ ಎಂದೆನಲ್ಲ, ಅದನ್ನು ಹೇಳದೆ ಇದು ತಿಳಿಯುವುದಿಲ್ಲ.

ಮನೆಗಳ ಹಿಂದೆ, ಗುಡ್ಡದ ಬುಡದಲ್ಲಿ ಒಂದು ಬಯಲು. ಆ ದೇಶದಲ್ಲಿ ರಜೆ ಶುಕ್ರವಾರ. ಚಳಿಗಾಲದಲ್ಲಿ ಪ್ರತಿ ಶುಕ್ರವಾರ ಅಮೆರಿಕದವರು ಅಲ್ಲಿ ಅವರ ಊರಿನ ಫುಟ್‌ಬಾಲ್ ಆಡುತ್ತಿದ್ದರು. ಹೆಸರು ಫುಟ್‌ಬಾಲ್, ಆಡುವುದು ಕೈಯಲ್ಲಿ. ಚೆಂಡು ಗುಂಡಗಿಲ್ಲ, ಮಾವಿನಕಾಯಿಯ ಹಾಗೆ ಎರಡೂ ಕಡೆ ಚೂಪು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬ ಓಡುತ್ತಾನೆ, ಉಳಿದವರು ಅವನನ್ನು ಕೆಡವುತ್ತಾರೆ. ಬಿದ್ದರೆ ಮೈ ತರಚದಿರಲಿ ಎಂದು ಕಂಪನಿ ಲಾರಿಯಲ್ಲಿ ಮರಳು ತರಿಸಿ ನಡುವೆ ಹಾಸಿಸಿದ್ದರು. ಅಂಚಿನಲ್ಲಿ ಗಟ್ಟಿ ನೆಲವೇ.

ಗೆರೆ ಹಾಕುವುದು ನನ್ನ ಕೆಲಸ. ಮೊದಲು ತೋಟದವನು ಹಾಕುತ್ತಿದ್ದ. ಅವನ ಗೆರೆ ಎಮ್ಮೆ ಉಚ್ಚೆ ಹೊಯ್ದ ಹಾಗೆ. ಒಂದು ದಿನ ನೋಡಿ ಸಾಕಾಗಿ, ಸುಣ್ಣದ ಪುಡಿ ಕೊಡು ಇಲ್ಲಿ ಎಂದು ತೆಗೆದುಕೊಂಡೆ. ರಂಗೋಲಿ ಹಾಕಿದ ಕೈ. ಹಗ್ಗ ಕಟ್ಟಿ ಮುಷ್ಟಿಯಿಂದ ಬಿಡುತ್ತಾ ಹೋದರೆ ನೂಲಿನಷ್ಟು ನೇರ ಬರುತ್ತಿತ್ತು. ನಾಲ್ಕು ಮೂಲೆಗೂ ಕಬ್ಬಿಣದ ಕಂಬಿ ಹೊಡೆದು, ಮೇಲೆ ಕೆಂಪು ಬಣ್ಣ ಬಳಿದ ಹಾಲಿನ ಪುಡಿಯ ಡಬ್ಬಿ ಕವುಚುವುದು. ಆಟ ಮುಗಿದ ಮೇಲೆ ಎಲ್ಲ ಕಿತ್ತು ತರುವುದು. ಆಟ ನಡೆಯುವಾಗ ನಾನು ಕಿತ್ತಳೆ ಹಣ್ಣು ಸುಲಿದು, ಬುಟ್ಟಿಯಲ್ಲಿ ಇಟ್ಟುಕೊಂಡು ಗುಡ್ಡದ ಬದಿಯ ಮೂಲೆಯಲ್ಲಿ ಕೂರುತ್ತಿದ್ದೆ.

ಆಟದ ಕಾನೂನು ನನಗೆ ಹೇಳಿಕೊಟ್ಟದ್ದು ನಮ್ಮ ಮನೆಯ ಡ್ರೈವರ್ ಕಾಕ. ಮಂಗಳೂರು ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷ ದೊಡ್ಡವರು, ತುಳು ಕನ್ನಡ ಎರಡೂ ಬರುತ್ತಿತ್ತು. ಚೆಂಡು ಹಿಡಿದವನು ಕೊನೆಯ ಗೆರೆ ದಾಟಿದರೆ ಅವನ ಕಡೆಗೆ ಅಂಕ. ಅಷ್ಟು ನನಗೆ ಗೊತ್ತಾಗುತ್ತಿತ್ತು. ದಾಟುವ ಮೊದಲು ಕೈಜಾರಿ ಚೆಂಡು ಬಿದ್ದರೆ ಅದು ಫಂಬಲ್. ಬಿದ್ದ ಚೆಂಡು ಯಾರ ಕೈಗೂ ಸಿಗದೆ, ಕೊನೆಯ ಗೆರೆಗೆ ಮುಂಚೆ ಪಕ್ಕಕ್ಕೆ ಹೊರಗೆ ಹೋದರೆ, ಬಿದ್ದ ಜಾಗಕ್ಕೇ ತಂದು ಅವನ ಕಡೆಯವರೇ ಮತ್ತೆ ಆಡಬಹುದು. ಅದೇ ಚೆಂಡು ಕೊನೆಯ ಗೆರೆ ದಾಟಿಕೊಂಡು ಆಮೇಲೆ ಹೊರಗೆ ಹೋದರೆ ಟಚ್‌ಬ್ಯಾಕ್. ಚೆಂಡು ಎದುರಿನವರಿಗೆ. ಅಷ್ಟು ದೂರ ಹೊತ್ತು ತಂದವನಿಗೆ ಏನೂ ಇಲ್ಲ.

ಇದು ಯಾವ ನ್ಯಾಯ ಎಂದು ನಾನು ಕೇಳಿದ್ದೆ. ಒಂದು ಗೇಣು ಈಚೆ ಬಿದ್ದರೆ ಅವನದ್ದೇ, ಒಂದು ಗೇಣು ಆಚೆ ಬಿದ್ದರೆ ಎಲ್ಲ ಹೋಯಿತು ಎಂದರೆ?

“ನೋಡು ಅಕ್ಕ, ನೀನು ಕೊಡಪಾನ ಹೊತ್ತುಕೊಂಡು ಇನ್ನೊಬ್ಬರ ಮನೆಗೆ ಹೋಗ್ತೀ. ಹೊಸ್ತಿಲಿನ ಹೊರಗೆ ಬಿದ್ರೆ ಕೊಡ ನಿಂದೇ, ಹೆಕ್ಕಿಕೊಂಡು ಬಾ. ಒಳಗೆ ಉರುಳಿತಾ, ಖಲಾಸ್, ಅದು ಅವರ ಮನೆ” ಎಂದರು ಕಾಕ.

“ಯಾರ ಮನೆಯಲ್ಲಿ ಕಾಕ, ಬಿದ್ದ ಕೊಡ ಇಟ್ಟುಕೊಳ್ತಾರೆ?”

“ಅಮೆರಿಕದಲ್ಲಿ” ಎಂದರು.

ಮೊನ್ನೆ ಮೊಮ್ಮಗಳ ಫೋನಿನಲ್ಲಿ ಅದೇ ಆಟ ಬಂದಿತ್ತು, ಅದೇ ಕಾನೂನಿಗೆ ಜಗಳ. ಇಷ್ಟು ವರ್ಷವಾದರೂ ಅವರಿಗೇ ಸರಿಯಾಗಿಲ್ಲ. ಅದನ್ನು ನೋಡಿಯೇ ಇದನ್ನು ಬರೆಯಲು ಕೂತದ್ದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಮೊಮ್ಮಗಳು ತಿದ್ದಿದ್ದಾಳೆ, ಮಾತು ತಿದ್ದಲು ಬಿಟ್ಟಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಸುಣ್ಣ, ಕಂಬಿ, ಸುತ್ತಿಗೆ ತೆಗೆದುಕೊಂಡು ಹೋದೆ. ಮೂರು ಮೂಲೆ ಆಯಿತು. ಗುಡ್ಡದ ಬದಿಯ ಎಡ ಮೂಲೆಗೆ ಬಂದರೆ, ಹಿಂದಿನ ವಾರ ಕಂಬಿ ಹೊಡೆದ ಜಾಗದಲ್ಲೇ ಒಂದು ಬಿಲ. ಮುಷ್ಟಿ ಹಿಡಿಸುವಷ್ಟು ಅಗಲ, ಬಾಯಿಯ ಹತ್ತಿರ ಹೊಸ ಮಣ್ಣು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸರ್ಪದ ಬಿಲಕ್ಕೆ ಹಾರೆ ತಾಗಿಸಿದವರ ಮನೆಯಲ್ಲಿ ಏನೇನಾಯಿತು ಎಂದು ಕೇಳುತ್ತಲೇ ಬೆಳೆದವರು. ನಮ್ಮ ಪಕ್ಕದ ಮನೆಯವರು ಬಾವಿ ತೋಡುವಾಗ ಹಾಗಾಗಿ, ಮೂರು ಸಲ ನಾಗನಿಗೆ ತಂಬಿಲದ ಪೂಜೆ ಮಾಡಿಸಿದರೂ ಮಗುವಿನ ಮೈಯ ಕಜ್ಜಿ ಹೋಗಿರಲಿಲ್ಲ. ನಂಬುತ್ತೀಯಾ ಎಂದು ಕೇಳಿದರೆ ಬೇರೆ ದಿನವಾಗಿದ್ದರೆ ಏನು ಹೇಳುತ್ತಿದ್ದೆನೋ. ಆ ದಿನ ನನ್ನ ಗಂಡ ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿದ್ದ ಮನುಷ್ಯ. ಕೈಯಲ್ಲಿ ಎರಡಡಿ ಕಬ್ಬಿಣದ ಕಂಬಿ. ಅದನ್ನು ಆ ಬಿಲದ ಬಾಯಿಗೆ ಹೊಡೆಯಲೇ? ನನ್ನ ಕೈ ಏಳಲಿಲ್ಲ.

ಒಂದು ಮೊಳ ಮೈದಾನದ ಒಳಗೆ ಸರಿಸಿ ಕಂಬಿ ಹೊಡೆದೆ, ಡಬ್ಬಿ ಕವುಚಿದೆ. ಕೊನೆಯ ಗೆರೆ ನೇರ ಎಳೆದರೆ ಬಿಲದ ಮೇಲೇ ಹೋಗುತ್ತಿತ್ತು. ತುದಿಯಲ್ಲಿ ನಾಲ್ಕೈದು ಅಡಿ ಸ್ವಲ್ಪ ಬಾಗಿಸಿ ಡಬ್ಬಿಗೆ ತಂದು ಕೂಡಿಸಿದೆ. ಅಂದರೆ ಆ ಒಂದು ಮೂಲೆಯಲ್ಲಿ ಕೊನೆಯ ಗೆರೆ ಒಂದು ಮೊಳ ಮೊದಲೇ ಬಂತು. ಅಷ್ಟು ದೊಡ್ಡ ಬಯಲಿನಲ್ಲಿ ಒಂದು ಮೊಳ ಯಾರಿಗೆ ಕಾಣುತ್ತದೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಬಿಲದ ಎದುರು ಒಂದು ಕಲ್ಲು ಇಟ್ಟು, ನಿನ್ನ ತಂಟೆಗೆ ಬಂದಿಲ್ಲ ನೋಡು ಎಂದು ಕೈಮುಗಿದು ಬಂದೆ.

ಆಟ ನಮ್ಮ ಸಾಹೇಬರ ಕಡೆಗೂ ಉದ್ದ ಸಾಹೇಬರ ಕಡೆಗೂ. ಮಧ್ಯಾಹ್ನದ ನಂತರ ಶುರುವಾಯಿತು. ನನಗೆ ಯಾರು ಗೆದ್ದರೂ ಸರಿ, ಬೇಗ ಮುಗಿದರೆ ಸಾಕು. ಮುಗಿದರೆ ಸಹಿ. ಸಹಿಯಾದರೆ ಸಂಜೆ ಹೋಗಿ ನಮ್ಮವರಿಗೆ ಹೇಳಬಹುದು.

ಇನ್ನೇನು ಐದು ನಿಮಿಷ ಇದೆ, ಉದ್ದ ಸಾಹೇಬರ ಕಡೆಯವರು ಸ್ವಲ್ಪದರಲ್ಲಿ ಹಿಂದಿದ್ದಾರೆ ಎಂದು ಕಾಕ ಹೇಳಿದರು. ಅಷ್ಟರಲ್ಲಿ ಉದ್ದ ಸಾಹೇಬರೇ ಚೆಂಡು ಹಿಡಿದುಕೊಂಡು ನನ್ನ ಮೂಲೆಯ ಕಡೆಗೇ ಓಡಿ ಬಂದರು. ಕಾಲು ಉದ್ದ, ಯಾರಿಗೂ ಸಿಗಲಿಲ್ಲ. ಡಬ್ಬಿಗೆ ಎರಡು ಹೆಜ್ಜೆ ಇರುವಾಗ ನಮ್ಮ ಸಾಹೇಬರ ಕಡೆಯವನೊಬ್ಬ ಹಿಂದಿನಿಂದ ಹಾರಿ ಸೊಂಟ ಹಿಡಿದ. ಉದ್ದ ಸಾಹೇಬರು ಚೆಂಡು ಹಿಡಿದ ಕೈಯನ್ನು ಗೆರೆಯ ಕಡೆಗೆ ಚಾಚಿದರು. ಬೆವರಿನ ಕೈ, ಚೆಂಡು ಜಾರಿತು. ನೆಲಕ್ಕೆ ಬಿದ್ದು, ಪುಟಿದು, ಕೆಂಪು ಡಬ್ಬಿಯನ್ನು ದಾಟಿ, ನಾನು ಇಟ್ಟ ಕಲ್ಲಿಗಿಂತ ಈಚೆ ಪಕ್ಕದ ಗೆರೆ ದಾಟಿ ಹೊರಗೆ ಹೋಗಿ ನನ್ನ ಕಿತ್ತಳೆ ಬುಟ್ಟಿಗೆ ಬಡಿಯಿತು.

ಡಬ್ಬಿಗೂ ಬಿಲಕ್ಕೂ ನಡುವೆ. ಆ ಒಂದು ಮೊಳದಲ್ಲಿ.

ಉಳಿದವರಿಗೆ ತಿಳಿಯುವ ಮೊದಲು ನನಗೆ ತಿಳಿದಿತ್ತು. ಡಬ್ಬಿ ಲೆಕ್ಕದಲ್ಲಿ ಚೆಂಡು ಕೊನೆಯ ಗೆರೆ ದಾಟಿ ಹೋಗಿದೆ, ಟಚ್‌ಬ್ಯಾಕ್, ಚೆಂಡು ನಮ್ಮ ಸಾಹೇಬರಿಗೆ. ಡಬ್ಬಿ ಇರಬೇಕಾದ ಜಾಗದಲ್ಲಿ ಇದ್ದಿದ್ದರೆ ಚೆಂಡು ಗೆರೆಗೆ ಮುಂಚೆಯೇ ಹೊರಗೆ ಹೋದ ಹಾಗೆ, ಬಿದ್ದ ಜಾಗದಿಂದ ಉದ್ದ ಸಾಹೇಬರ ಕಡೆಯವರೇ ಮತ್ತೆ ಆಡುತ್ತಿದ್ದರು. ಎರಡೇ ಹೆಜ್ಜೆ ಉಳಿದಿತ್ತು, ಗೆಲ್ಲುತ್ತಲೂ ಇದ್ದರೇನೋ.

ಸೀಟಿ ಊದಿದವನು ಡಬ್ಬಿ ನೋಡಿ ಟಚ್‌ಬ್ಯಾಕ್ ಎಂದ. ಜಗಳ ಶುರುವಾಯಿತು. ಒಬ್ಬ, ಹೊರಗೆ ಹೋಗುವ ಮೊದಲು ಚೆಂಡು ಎದುರಿನವನ ಮೊಣಕಾಲಿಗೆ ತಾಗಿತು, ಆಗ ಲೆಕ್ಕ ಬೇರೆ ಎಂದ. ಇನ್ನೊಬ್ಬ, ತಾಗಿದರೂ ಲೆಕ್ಕ ಅದೇ ಎಂದ. ಕೈ ಚಾಚಿದಾಗಲೇ ಚೆಂಡು ಗೆರೆಯ ಮೇಲಿತ್ತು, ಅಂಕ ಕೊಡಬೇಕು ಎಂದು ಮತ್ತೊಬ್ಬ. ನಮ್ಮ ಸಾಹೇಬರ ಮನೆಯಿಂದ ಕಾನೂನಿನ ಪುಸ್ತಕ ತರಿಸಿದರು. ಇಬ್ಬರು ಒಂದೇ ಪುಟ ಓದಿ ಎರಡು ಮಾತು ಹೇಳಿದರು. ಓದು ಬಂದವರ ಗತಿ ಇದಾದರೆ ನನ್ನ ಎದೆಯೊಳಗಿನ ಕಾಗದದ ಗತಿ ಏನು ಎಂದು ಅನ್ನಿಸಿತು.

ಉದ್ದ ಸಾಹೇಬರು ಮಾತ್ರ ಜಗಳ ಬಿಟ್ಟು ಆಚೆ ಮೂಲೆಗೆ ಹೋಗಿ, ಒಂದು ಕಣ್ಣು ಮುಚ್ಚಿ ಸುಣ್ಣದ ಗೆರೆಯ ಉದ್ದಕ್ಕೂ ನೋಡಿದರು. ಬಾಗಿದ್ದು ಕಂಡಿತು. ಬಂದು ಏನೋ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು.

ಮುಚ್ಚಿಡುವ ಮಾತೇ ನನಗೆ ಹೊಳೆಯಲಿಲ್ಲ. ನಾನೇ ಸರಿಸಿದ್ದು, ಅಲ್ಲಿ ಸರ್ಪದ ಬಿಲ ಉಂಟು, ಒಂದು ಮೊಳ ಒಳಗೆ ಹಾಕಿದೆ, ಹೇಳು ಕಾಕ ಎಂದೆ. ಕಾಕ ಹೇಳಿದರು. ನಿಜ ಹೇಳಿದರೆ ಉದ್ದ ಸಾಹೇಬರಿಗೆ ಚೆಂಡು ಸಿಗುತ್ತದೆ, ಕೆಲಸ ಸುಸೂತ್ರ ಎಂದು ನನ್ನ ಎಣಿಕೆ.

ಆದದ್ದು ಬೇರೆ. ನಮ್ಮ ಸಾಹೇಬರ ಕಡೆಯವರು ನಕ್ಕರು. ಇವಳು ನಾಳೆಯಿಂದ ಅವನ ಮನೆಯಲ್ಲಿ ಕೆಲಸಕ್ಕೆ, ಅದಕ್ಕೆ ಅವನ ಪರ ಹೇಳುತ್ತಾಳೆ ಎಂದರಂತೆ. ಗೆರೆ ಎಲ್ಲಿದೆಯೋ ಅದೇ ಗೆರೆ, ಇಬ್ಬರೂ ಅದೇ ಗೆರೆಯಲ್ಲಿ ಆಡಿದ್ದು, ಟಚ್‌ಬ್ಯಾಕ್ ಟಚ್‌ಬ್ಯಾಕೇ ಎಂದು ಸೀಟಿಯವನು ಮುಗಿಸಿದ. ಉದ್ದ ಸಾಹೇಬರ ಕಡೆಯವರು ಅದಕ್ಕೂ ಮೇಲೆ. ಇವಳು ಇಷ್ಟು ದಿನ ಉಂಡದ್ದು ಅವನ ಮನೆಯಲ್ಲಿ, ಹೋಗುವ ಮೊದಲು ಅವನನ್ನು ಗೆಲ್ಲಿಸಲು ಬೇಕೆಂದೇ ಸರಿಸಿದ್ದಾಳೆ ಎಂದರಂತೆ. ಒಂದೇ ಮೊಳಕ್ಕೆ ಎರಡೂ ಕಡೆಯವರಿಗೆ ನಾನು ಕಳ್ಳಿ.

ಉದ್ದ ಸಾಹೇಬರು ಬಿಲದ ಹತ್ತಿರ ಬಗ್ಗಿ ನೋಡಿದರು. ಇದು ಹಾವಿನದ್ದಲ್ಲ, ಯಾವ ಪ್ರಾಣಿಯದ್ದೂ ಅಲ್ಲ, ಹಿಂದಿನ ವಾರದ ಕಂಬಿಯ ತೂತು, ಅದನ್ನೇ ಕೆರೆದು ದೊಡ್ಡದು ಮಾಡಿದ್ದಾಳೆ ಎಂದು ಕಾಕನ ಹತ್ತಿರ ಹೇಳಿದರು. ಇದು ದಬ್ ಇರಬಹುದು ಸಾರ್ ಎಂದು ಕಾಕ ಹೇಳಿ ನೋಡಿದರು. ಅಲ್ಲಿಯ ಗುಡ್ಡದಲ್ಲಿ ಒಂದು ಜಾತಿಯ ದೊಡ್ಡ ಓತಿಕ್ಯಾತ ಉಂಟು, ಬಾಲದ ತುಂಬ ಮುಳ್ಳು, ಅದಕ್ಕೆ ದಬ್ ಎನ್ನುತ್ತಾರೆ. ಉದ್ದ ಸಾಹೇಬರು ಕಂಬಿ ಕಿತ್ತು ನನ್ನ ಕೈಗೆ ಕೊಟ್ಟು ಬಿಲ ತೋರಿಸಿದರು. ಹಾಕು, ಏನಾದರೂ ಇದ್ದರೆ ಬರುತ್ತದಲ್ಲ ಎಂದರಂತೆ.

ನಾನು ಕಂಬಿ ಹಿಡಿದುಕೊಂಡು ನಿಂತೆ. ರವಿಕೆಯೊಳಗೆ ಕಾಗದ ಚುಚ್ಚುತ್ತಿತ್ತು. ಒಂದು ಸಲ ಚುಚ್ಚಿದರೆ ಮುಗಿಯಿತು. ಕಣ್ಣೆದುರಿಗೆ ಬಂದದ್ದು ಆ ಹಗ್ಗ, ಆ ತೂಕ. ಕಂಬಿ ಕೆಳಗಿಟ್ಟೆ.

“ನೋ ಸಾರ್” ಎಂದೆ.

ಅವರು ತಲೆಯಾಡಿಸಿದರು, ಸಿಟ್ಟಿನಿಂದಲ್ಲ, ಗೊತ್ತಾಯಿತು ಬಿಡು ಎನ್ನುವ ಹಾಗೆ. ಕಾಗದದ ಬಗ್ಗೆ ಕಾಕ ಕೇಳಿದ್ದಕ್ಕೆ, ಇಂಥವಳನ್ನು ಮನೆಯೊಳಗೆ ಹೇಗೆ ಬಿಟ್ಟುಕೊಳ್ಳಲಿ, ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಎಂದು ಹೇಳಿ ಹೊರಟರು. ಶುಕ್ರವಾರ ಸಂಜೆ ನಾಲ್ಕೂವರೆ. ಬೇರೆ ಯಾರು?

ನಮ್ಮ ಸಾಹೇಬರು ಗೆದ್ದ ಖುಷಿಯಲ್ಲಿದ್ದರು. ಮನೆಗೆ ಬಂದು ಪೆಟ್ಟಿಗೆ ತುಂಬಿಸುತ್ತಾ, ನಾನು ಹಿಡಿದ ಕಾಗದಕ್ಕೆ ಏನಿದೆ ಎಂದೂ ನೋಡದೆ ಅವರ ಸಹಿ ಹಾಕಿದರು. ಬಿಡುವವರ ಸಹಿ ಸುಲಭ. ಉದ್ದ ಸಾಹೇಬರ ಹತ್ತಿರ ಒಂದು ಮಾತು ಹೇಳಿ ಎಂದು ಕೇಳಿದೆ. ಅವನು ಸೋತಿದ್ದಾನೆ, ಈಗ ನಾನು ಹೇಳಿದರೆ ಇನ್ನೂ ಹೆಚ್ಚಾಗುತ್ತದೆ ಎಂದರು. ಅದೂ ನಿಜವೇ. ಉದ್ದ ಸಾಹೇಬರ ಮನೆಗೆ ಹೋಗಿ ಅಡುಗೆಮನೆಯ ಬಾಗಿಲು ತಟ್ಟಿದೆ. ಅವರ ಹೆಂಡತಿ ಬಾಗಿಲು ತೆರೆದು, ಪಾಪ, ನನ್ನ ಕೈ ಹಿಡಿದುಕೊಂಡು ಸಾರಿ ಸಾರಿ ಎಂದರು. ಸಾರಿ ತೆಗೆದುಕೊಂಡು ಏನು ಮಾಡಲಿ. ಅವರ ಕೈ ತಣ್ಣಗಿತ್ತು, ಏಸಿಯಲ್ಲಿ ಕೂತ ಕೈ. ಕಾಲಿಗೆ ಬೀಳುತ್ತೇನೆ ಎಂದು ಬಗ್ಗಿದೆ. ಅವರು ಹೆದರಿ ಒಳಗೆ ಸರಿದರು. ಬಾಗಿಲು ಹಾಕಿಕೊಂಡಿತು.

ಕಾಕ ಕಾರಿನಲ್ಲಿ ಆಸ್ಪತ್ರೆಗೆ ಬಿಟ್ಟರು. ದಾರಿಯುದ್ದಕ್ಕೂ ಗೊತ್ತಿದ್ದ ಮನೆಗಳನ್ನೆಲ್ಲ ಎಣಿಸಿದೆವು. ದಾರ್ಸೈಟ್‌ನಲ್ಲಿ ಮೊದಲು ನಾವು ಕೋಣೆ ಹಂಚಿಕೊಂಡಿದ್ದ ಉಡುಪಿಯವರಿಗೆ ಯಾರನ್ನೂ ಇಟ್ಟುಕೊಳ್ಳುವಷ್ಟು ಸಂಬಳವಿಲ್ಲ, ಕಾನೂನು ಬಿಡುವುದಿಲ್ಲ. ನಮ್ಮವರ ಕಂಪನಿಗೆ ಹೆಂಗಸರ ವೀಸಾ ಇಲ್ಲ. ಇನ್ನು ಯಾರ ಹೆಸರೂ ಬರಲಿಲ್ಲ.

“ಆ ಕಂಬಿ ಒಂದು ಸಲ ಹಾಕಿದ್ದರೆ ಎಂತ ಆಗ್ತಿತ್ತು ಮಾರಾಯ್ತಿ” ಎಂದರು ಕಾಕ. “ದಬ್ ಅದು. ಇಲ್ಲಿಯ ಮರುಭೂಮಿಯ ಜನ, ಬದ್ದುಗಳು, ಬಿಲಕ್ಕೆ ನೀರು ಹೊಯ್ದು ಹೊರಡಿಸಿ ಸುಟ್ಟು ತಿನ್ತಾರೆ. ನಿನ್ನ ನಾಗ ಅಲ್ಲ.”

“ಹಲ್ಲಿ ಬಂದ್ರೆ ನಾನು ದಡ್ಡಿ ಅಂತಾಗ್ತದೆ, ಹಾವು ಬಂದ್ರೆ ಅವರು ದಡ್ಡರು ಅಂತಾಗ್ತದೆ. ಕಳ್ಳಿ ಅಂತೂ ಆಗುವುದಿಲ್ಲ” ಎಂದೆ. “ಆದ್ರೆ ಕಬ್ಬಿಣ ನಾನು ಹಾಕುವುದಿಲ್ಲ ಕಾಕ. ನೀರು ಹೊಯ್ದು ಮುಳುಗಿಸುವುದೂ ಇಲ್ಲ.”

“ಹಾಗಾದ್ರೆ ಬುಧವಾರ ವಿಮಾನ” ಎಂದರು.

ನಮ್ಮವರು ಗಂಜಿ ಕುಡಿಯುವವರೆಗೆ ಹೇಳಲಿಲ್ಲ. ಬೆನ್ನು ಒರೆಸುವಾಗ ಹೇಳಿದೆ, ಮುಖ ನೋಡಬೇಕಾಗಿರಲಿಲ್ಲ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅವರು ಎಲ್ಲ ಕೇಳಿ, ಮೊದಲು ಕೇಳಿದ್ದು ಗೆರೆಯ ಬಗ್ಗೆ. ಜೀವಮಾನವಿಡೀ ದಾರ ಹಿಡಿದು ಮಟ್ಟ ನೋಡಿದವರು.

“ಬಾಗಿಸುವುದಾದರೆ ಇಡೀ ಗೆರೆಯನ್ನೇ ಒಂದು ಮೊಳ ಈಚೆ ತರಬೇಕಿತ್ತು. ತುದಿ ಮಾತ್ರ ಬಾಗಿಸಿದರೆ ಯಾರಿಗಾದರೂ ಕಾಣ್ತದೆ” ಎಂದರು.

“ಈಗ ಅದು ಹೇಳಿ ಏನು ಪ್ರಯೋಜನ? ಬುಧವಾರ ನನ್ನನ್ನು ಕಳಿಸ್ತಾರೆ.”

ಅವರು ಹಗ್ಗ ಹಾಯುವ ಗಾಲಿಯ ಕಡೆ ನೋಡಿದರು.

“ನೀನು ಹೋದರೆ ಉಣ್ಣುವುದಿಲ್ಲ ಅಂತಲ್ಲ, ಉಣ್ತೇನೆ. ಬೆನ್ನು ಯಾರಿಗೆ ತೋರಿಸಲಿ?”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ನನ್ನ ಹತ್ತಿರ ಏನನ್ನಾದರೂ ಬೇಕೆಂದು ಕೇಳಿದ್ದು ಅದೊಂದು ಸಲ. ಅದೂ ಕೇಳಿದ್ದೋ ಹೇಳಿದ್ದೋ. ಹುಣ್ಣಿನ ಸುತ್ತ ಪೌಡರ್ ಹಾಕಿದೆ, ಹೆಚ್ಚೇ ಹಾಕಿದೆ.

ಹೊರಡಲು ಎದ್ದಾಗ ಕರೆದರು.

“ಇಲ್ಲಿ ಕೇಳು. ನಾಗನಿಗೆ ಹಾಲು ಹೊಯ್ದರೆ ದೋಷ ಉಂಟಾ?”

“ಇಲ್ಲ. ಹಾಲು ಹೊಯ್ಯುವುದೇ ಅಲ್ವಾ.”

“ಹಾಗಾದರೆ ಹೊಯ್ಯಿ. ಎಷ್ಟು ಹೊಯ್ಯಬೇಕು ಅಂತ ಯಾವ ಭಟ್ಟರೂ ಹೇಳಿಲ್ಲ.”

ತಮಾಷೆಗೆ ಹೇಳಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಅವರ ಮುಖ ಯಾವಾಗಲೂ ಹಾಗೆಯೇ.

ಮರುದಿನ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಎದ್ದು ನಮ್ಮ ಸಾಹೇಬರ ಅಡುಗೆಮನೆಯಲ್ಲಿ ಉಳಿದಿದ್ದ ಎರಡು ಡಬ್ಬಿ ಹಾಲಿನ ಪುಡಿ ಒಡೆದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಎರಡು ಬಕೆಟ್ ತುಂಬಿಸಿದೆ. ಪುಡಿ ಹಾಲು ನಾಗನಿಗೆ ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಆ ದೇಶದಲ್ಲಿ ನಮಗೆ ನಡೆಯುತ್ತಿದ್ದದ್ದು ಅದೇ. ಒಂದೊಂದೇ ಬಕೆಟ್ ಹೊತ್ತುಕೊಂಡು ಹೋಗಿ ಬಿಲದ ಹತ್ತಿರ ಇಟ್ಟು ಕೂತೆ. ಉದ್ದ ಸಾಹೇಬರು ಕಛೇರಿಗೆ ಹೋಗುವ ಮೊದಲು ದಿನಾ ಬಯಲಿನ ಸುತ್ತ ಓಡುವವರು, ಶನಿವಾರವೂ ಬಿಡುತ್ತಿರಲಿಲ್ಲ.

ಬಂದರು. ನನ್ನನ್ನು ನೋಡಿ ದಾರಿ ಬದಲಿಸಲು ಹೋದರು. ನಾನು ಎದುರಿಗೆ ಹೋಗಿ ನಿಂತೆ. ಇಂಗ್ಲಿಷ್ ಎಷ್ಟು ಬರುತ್ತದೋ ಅಷ್ಟು ಹೇಳಿದೆ, “ಯು ಸ್ಟಾಪ್ ಸಾರ್. ಯು ಸೀ.” ಅವರು ಗಡಿಯಾರ ನೋಡಿಕೊಂಡು ನಿಂತರು, ಸೊಂಟದ ಮೇಲೆ ಕೈ.

ಕಲ್ಲು ತೆಗೆದು ಕೈಮುಗಿದೆ. ಚೊಂಬಿನಲ್ಲಿ ಮೊದಲು ಸ್ವಲ್ಪ ಎರೆದೆ, ಪದ್ಧತಿಯ ಹಾಗೆ. ಆಮೇಲೆ ಬಕೆಟ್ಟನ್ನೇ ಬಗ್ಗಿಸಿದೆ. ನೆಲ ಅಷ್ಟನ್ನೂ ಕುಡಿಯಿತು, ಏನೂ ಬರಲಿಲ್ಲ. ಸಾಹೇಬರು ಒಂದು ಹೆಜ್ಜೆ ಹಿಂದಿಟ್ಟರು. ಎರಡನೇ ಬಕೆಟ್ ಎತ್ತಿದೆ. ಇದರಲ್ಲೂ ಬರದಿದ್ದರೆ ಎಂದು ಯೋಚಿಸಲು ಹೋಗಲಿಲ್ಲ. ಹೊಯ್ದೆ. ಅರ್ಧ ಬಕೆಟ್ ಆಗುವಾಗ ಬಿಲದ ಬಾಯಲ್ಲಿ ಹಾಲು ನಿಂತಿತು. ಗುಳ್ಳೆ ಬಂತು. ಗುಳ್ಳೆಯ ನಡುವಿನಿಂದ ಒಂದು ತಲೆ, ಮುದುಕನ ಮುಖದ ಹಾಗೆ ಸುಕ್ಕುಗಟ್ಟಿದ ತಲೆ, ಹಾಲು ಸುರಿಸಿಕೊಂಡು ಹೊರಗೆ ಬಂತು. ಹಿಂದೆಯೇ ಮೊಳದುದ್ದ ಮೈ, ಮುಳ್ಳಿನ ಬಾಲ. ಚಳಿಗೆ ಓಡಲಾರದೆ ಸುಣ್ಣದ ಗೆರೆಯ ಮೇಲೆ ಕಾಲು ಚಾಚಿ ನಿಂತು ನಮ್ಮಿಬ್ಬರನ್ನೂ ನೋಡಿತು.

ಹಾವಲ್ಲ. ನಾನು ದಡ್ಡಿ. ನನಗೆ ಅಷ್ಟೇ ಬೇಕಾಗಿದ್ದದ್ದು.

ಉದ್ದ ಸಾಹೇಬರು ಅದನ್ನು ನೋಡಿದರು, ಖಾಲಿ ಬಕೆಟ್ ನೋಡಿದರು, ನನ್ನನ್ನು ನೋಡಿದರು. ನಾನು ರವಿಕೆಯಿಂದ ತೊಟ್ಟೆ ತೆಗೆದು ಕಾಗದ ಬಿಡಿಸಿ ಹಿಡಿದೆ. ಪೆನ್ನು ನಾನೇ ತಂದಿದ್ದೆ. ಅವರು ಖಾಲಿ ಬಕೆಟ್ ಕವುಚಿ, ಅದರ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಕಾಗದದ ಮೂಲೆಗೆ ಹಾಲು ತಾಗಿತು. ಸೆರಗಿನಿಂದ ಒರೆಸಿ, ಬಕೆಟ್ ಅಲ್ಲಿಯೇ ಬಿಟ್ಟು, ಕಛೇರಿ ತೆರೆಯುವ ಮುಂಚೆ ಸಾಲಿನಲ್ಲಿ ನಿಲ್ಲಬೇಕೆಂದು ಟ್ಯಾಕ್ಸಿ ಸಿಗುವ ರಸ್ತೆಗೆ ಓಡಿದೆ.